ಸಹಿ ಹಾಕುವ ಮುನ್ನ

ಗುಬ್ಬಿ, ಕುಣಿಗಲ್ ಕಡೆ ಅಪ್ಪ ತೀರಿಕೊಂಡ ಮನೆಯಲ್ಲಿ ತಿಥಿ ಮುಗಿಯುವಷ್ಟರಲ್ಲಿ ಪೌತಿ ಖಾತೆಯ ಮಾತು ಏಳುತ್ತದೆ. ನೋಡಮ್ಮ, ಅಣ್ಣ ಕರೆದನೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಒಂದು ಸೀರೆಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರಬೇಡ.

ಹೆಣ್ಣು ಗಂಡೆಂದು ಸರ್ಕಾರ ಭೇದ ಮಾಡಕೂಡದೆಂದು ಸಂವಿಧಾನದ 15ನೇ ವಿಧಿ ಹೇಳಿದರೂ, ಪಿತ್ರಾರ್ಜಿತದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಸಿಗಲು ಕರ್ನಾಟಕದಲ್ಲಿ 1994ರ ತನಕ ಕಾಯಬೇಕಾಯಿತು. ಆಗಲೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟರು! 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿ ತೆಗೆಯಿತು. ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕೆಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ‘ಮದುವೆ ಖರ್ಚಲ್ಲೇ ನಿನ್ನ ಪಾಲು ಮುಗೀತು’ ಎನ್ನುವುದು ಅರಳಿಕಟ್ಟೆಯ ಕಾನೂನು.

ವಂಶವೃಕ್ಷದಲ್ಲಿ ನಿನ್ನ ಹೆಸರಿದೆಯೇ ನೋಡು, ಬಿಟ್ಟುಹೋಗುವುದು ಅಲ್ಲೇ. ಪಹಣಿ ತೆಗೆಸು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾದ ವಿಭಾಗಪತ್ರವಿದ್ದರೆ, ಅಪ್ಪನ ಸ್ವಯಾರ್ಜಿತಕ್ಕೆ ಉಯಿಲಿದ್ದರೆ ಲೆಕ್ಕ ಬೇರೆ. ಗೊಂದಲವಾದರೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯದ ಮಿತಿಯಿಲ್ಲ. ತವರಿಗೇ ಇರಲಿ ಅನ್ನಿಸಿದರೆ ಬಿಟ್ಟುಕೊಡು, ಅದು ನಿನ್ನಿಷ್ಟ. ಪತ್ರವನ್ನು ಪೂರ್ತಿ ಓದಿಸಿ ಕೇಳಿದ ಮೇಲೆ ಮಾತ್ರ.