ಜಿಲ್ಲೆಗೆ ಒಂದು ನಿಯಮ, ತಾಲ್ಲೂಕಿಗೆ ತಿದ್ದುಪಡಿ: ಆರ್ಗ್ ಕಡತಕ್ಕೆ ಆರು ಸೂತ್ರಗಳು

ಬರಹವನ್ನೂ ಕೋಡನ್ನೂ ಒಂದೇ ಕಡತದಲ್ಲಿ ಹೆಣೆಯುವ ‘ಲಿಟರೇಟ್ ಪ್ರೋಗ್ರಾಮಿಂಗ್’ ಬಗ್ಗೆ ಡೊನಾಲ್ಡ್ ನೂತ್ 1984ರಲ್ಲೇ ಬರೆದರು. ಇಂದು ಆ ಕೆಲಸಕ್ಕೆ ಈಮ್ಯಾಕ್ಸಿನ ಆರ್ಗ್ ಮೋಡ್ ಇದೆ. ಕೊಪ್ಪಳ ಜಿಲ್ಲೆಯ ಮಳೆ-ಬೆಳೆ ವರದಿಯನ್ನು ಅದರಲ್ಲಿ, ಪೈಥಾನ್ ಕೋಡಿನೊಂದಿಗೆ ಬರೆಯುತ್ತಿದ್ದೀರಿ ಅನ್ನಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಗೆ ಒಂದೊಂದು ಶೀರ್ಷಿಕೆ, ಅದರಡಿ ಕೋಡಿನ ತುಂಡುಗಳು, ಅಂದರೆ ಬ್ಲಾಕುಗಳು.

1. ಇಡೀ ಜಿಲ್ಲೆಗೆ ಅನ್ವಯಿಸುವುದು ಕಡತದ ತಲೆಯಲ್ಲಿರಲಿ. ದತ್ತಾಂಶದ ಫೋಲ್ಡರು, ಸೆಷನ್ (ಬ್ಲಾಕುಗಳು ಹಂಚಿಕೊಳ್ಳುವ ಪೈಥಾನ್ ಓಟ) ಹೆಸರು ಎಲ್ಲ ‘ಪ್ರಾಪರ್ಟಿ’ ಸಾಲಿನ ಹೆಡರ್-ಆರ್ಗ್ಸ್‌ನಲ್ಲಿ, ಅಂದರೆ ಬ್ಲಾಕುಗಳ ಆಯ್ಕೆಗಳಲ್ಲಿ. ತಿದ್ದಿದ ಮೇಲೆ ಆ ಸಾಲಿನ ಮೇಲೆ ನಿಂತು ಕಂಟ್ರೋಲ್-ಸಿ ಎರಡು ಸಲ ಒತ್ತಿ. ಇಲ್ಲವಾದರೆ ಹಳೆಯದೇ ಓಡುತ್ತದೆ.

2. ಪ್ಲಸ್ ಚಿಹ್ನೆ ಮರೆಯಬೇಡಿ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಗಂಗಾವತಿ ಶೀರ್ಷಿಕೆಯ ಕೆಳಗೆ ‘ಹೆಡರ್-ಆರ್ಗ್ಸ್’ ಎಂದು ಬರೆದು ರಿಸಲ್ಟ್ಸ್ ಒಂದನ್ನೇ ಕೊಟ್ಟರೆ, ಮೇಲಿನ ಹೆಡರ್-ಆರ್ಗ್ಸ್ ಸಾಲು ಆ ಶೀರ್ಷಿಕೆಯ ಮಟ್ಟಿಗೆ ಪೂರ್ತಿ ರದ್ದು. ಸೆಷನ್ ಹೋಯಿತು, ಫೋಲ್ಡರೂ ಹೋಯಿತು. ಹಿಂದಿನ ಬ್ಲಾಕಿನಲ್ಲಿ ಓದಿಸಿದ ಕಾಲುವೆ ನೀರಿನ ಪಟ್ಟಿ ‘ಗೊತ್ತೇ ಇಲ್ಲ’ ಎನ್ನುತ್ತದೆ ಪೈಥಾನ್. ಹೆಸರಿನ ಕೊನೆಗೆ ಪ್ಲಸ್ ಸೇರಿಸಿದರೆ ಹೊಸದು ಹಳೆಯದಕ್ಕೆ ಕೂಡಿಕೊಳ್ಳುತ್ತದೆ.

3. ಭಾಷೆಯ ಹೆಸರಿದ್ದದ್ದಕ್ಕೇ ಬಲ ಹೆಚ್ಚು. ತಲೆಯಲ್ಲಿ ‘ಹೆಡರ್-ಆರ್ಗ್ಸ್:ಪೈಥಾನ್’ ಬರೆದು, ಯಲಬುರ್ಗಾದಡಿ ಬರೀ ‘ಹೆಡರ್-ಆರ್ಗ್ಸ್’ನಲ್ಲಿ ಅದೇ ಆಯ್ಕೆ ಬದಲಿಸಿ ನೋಡಿ. ಗೆಲ್ಲುವುದು ದೂರದ ಪೈಥಾನ್ ಸಾಲು. ಹತ್ತಿರದ್ದೇ ನಡೆಯಬೇಕಿತ್ತಲ್ಲ ಎಂದು ನಮಗೆ ಅನ್ನಿಸಬಹುದು, ಆರ್ಗ್‌ಗೆ ಅನ್ನಿಸುವುದಿಲ್ಲ. ಎರಡೂ ಕಡೆ ಭಾಷೆಯ ಹೆಸರಿಡಿ.

4. ತಲೆಯಲ್ಲಿಟ್ಟ ಸೆಷನ್ ಹೆಸರನ್ನು ತಿದ್ದಿ, ತಾಲ್ಲೂಕಿಗೊಂದು ಸೆಷನ್ ಇರಲಿ. ಸೆಷನ್ ಒಂದೇ ಆದರೆ ಕುಷ್ಟಗಿಯಲ್ಲಿ ಇಟ್ಟ ‘ಮಳೆ’ ಎಂಬ ವೇರಿಯಬಲ್ ಯಲಬುರ್ಗಾದಲ್ಲೂ ಜೀವಂತ. ಗಂಗಾವತಿಯ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕುಷ್ಟಗಿಯ ಪಟ್ಟಿಯಲ್ಲಿ ಕಂಡರೆ ಯಾರಾದರೂ ಹುಬ್ಬೇರಿಸುತ್ತಾರೆ. ಆದರೆ ಕುಷ್ಟಗಿ-ಯಲಬುರ್ಗಾ ಎರಡೂ ಮಳೆ ನಂಬಿದ ಸೀಮೆ, ಅಂಕಿ ಅದಲುಬದಲಾದರೆ ತಿಳಿಯುವುದೇ ಇಲ್ಲ. ಸೆಷನ್ ಬೇರೆಯಾದರೆ ದತ್ತಾಂಶವನ್ನು ಪ್ರತಿ ತಾಲ್ಲೂಕಿನಲ್ಲೂ ಮತ್ತೆ ಓದಿಸಬೇಕಾಗುತ್ತದೆ, ಓದಿಸಿ.

5. ಒಂದೇ ಬ್ಲಾಕಿನ ಅಪವಾದ ಆ ಬ್ಲಾಕಿನ ಮೊದಲ ಸಾಲಿನಲ್ಲಿ. ಅಲ್ಲಿ ಬರೆದದ್ದು ಮೇಲಿನದ್ದೆಲ್ಲವನ್ನೂ ಮೀರುತ್ತದೆ. ಇಡೀ ಕಡತಕ್ಕೆ ಟ್ಯಾಂಗಲ್ (ಕೋಡನ್ನು ಬೇರೆ ಕಡತಕ್ಕೆ ತೆಗೆಯುವ ಆಯ್ಕೆ) ಇದ್ದರೂ ಪರೀಕ್ಷೆಗೆಂದು ಬರೆದ ಬ್ಲಾಕಿಗೆ ‘ಟ್ಯಾಂಗಲ್ ನೋ’ ಸಾಕು.

6. ಊಹಿಸಬೇಡಿ, ಕೇಳಿ. ಬ್ಲಾಕಿನೊಳಗೆ ಕಂಟ್ರೋಲ್-ಸಿ, ಕಂಟ್ರೋಲ್-ವಿ, ಆಮೇಲೆ ದೊಡ್ಡಕ್ಷರದ ಐ ಒತ್ತಿ. ಕೊನೆಗೆ ಉಳಿದ ಆಯ್ಕೆಗಳ ಪಟ್ಟಿ ತೆರೆಯುತ್ತದೆ. ಸೆಷನ್ ಎದುರು ‘ನನ್’ ಎಂದಿದ್ದರೆ ಮೊದಲು ಎರಡನೇ ಸೂತ್ರದ ಪ್ಲಸ್ ಹುಡುಕಿ.