ಮೂರು ವರ್ಷದ ಮಗಳೊಡನೆ ಡ್ರ್ಯಾಗನ್ನಿನ ಗುಹೆಗೆ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಲೋಕಕ್ಕಿತ್ತ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಚೌಕಮನೆಗಳುಳ್ಳ ಹಲಗೆಯ ಅಗತ್ಯವಿಲ್ಲ. ಸೂತ್ರಧಾರನೊಬ್ಬನು ಸನ್ನಿವೇಶವನ್ನು ಬಣ್ಣಿಸುವನು, ಉಳಿದವರು ತಮ್ಮ ತಮ್ಮ ಪಾತ್ರಗಳು ಏನು ಮಾಡುವುವೆಂದು ಹೇಳುವರು, ಫಲವು ಸಂದಿಗ್ಧವಾದಲ್ಲಿ ಇಪ್ಪತ್ತು ಮುಖಗಳ ದಾಳವು ಅದನ್ನು ನಿರ್ಣಯಿಸುವುದು. ಕಾಲೇಜಿನ ದಿನಗಳಿಂದಲೂ ಈ ಕ್ರೀಡೆಯಲ್ಲಿ ಆಸಕ್ತನಾದ ನಾನು, ಮೂರು ವರ್ಷದ ಮಗಳು ಮೇಜಿನಂಚನ್ನು ಹಿಡಿದು ನಿಂತು ‘ನಂಗೂ ಬೇಕು’ ಎಂದಾಗ, ಬಲವನ್ನೂ ಬುದ್ಧಿಯನ್ನೂ ಆಯುಷ್ಯವನ್ನೂ ಅಂಕಗಳಲ್ಲಿ ಅಳೆಯುವ ಆ ದಪ್ಪ ನಿಯಮಗ್ರಂಥದಲ್ಲಿ, ಇಪ್ಪತ್ತರವರೆಗೆ ಎಣಿಸಲಾರದ ಶಿಶುವಿಗೆ ಎಟುಕುವ ಅಂಶ ಯಾವುದೆಂದು ಆಲೋಚಿಸಬೇಕಾಯಿತು.

ಎಟುಕುವುದು ಒಂದುಂಟು: ‘ಈಗ ನೀನು ಏನ್ ಮಾಡ್ತೀಯ?’ ಎಂಬ ಪ್ರಶ್ನೆ. ಮಿಕ್ಕುದೆಲ್ಲವನ್ನೂ ತ್ಯಜಿಸಿ ಅದೊಂದನ್ನು ಉಳಿಸಿಕೊಂಡರೂ ಆಟದ ಜೀವವು ಕುಂದದು. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕುವಷ್ಟು ಸಣ್ಣವಾದ ದಾಳಗಳನ್ನು ಎತ್ತರದ ಕಪಾಟಿಗೆ ಸೇರಿಸಿ, ಮರದ ದೊಡ್ಡ ದಾಳವೊಂದರ ಮೂರು ಮುಖಗಳಿಗೆ ಸೂರ್ಯನ ಚಿತ್ರವನ್ನೂ ಮೂರಕ್ಕೆ ಮೋಡದ ಚಿತ್ರವನ್ನೂ ಅಂಟಿಸಿದೆನು. ಸೂರ್ಯ ಬಿದ್ದರೆ ಎಣಿಸಿದ್ದು ಕೈಗೂಡುವುದು; ಮೋಡ ಬಿದ್ದರೆ ಕಥೆಯು ಬೇರೊಂದು ದಾರಿ ಹಿಡಿಯುವುದು. ಸೇತುವೆ ಮುರಿಯಿತು, ಆಟ ಮುಗಿಯಿತು ಎಂದರೆ ದೊಡ್ಡವರು ಸಹಿಸಿಯಾರು; ಮಗುವಿಗಾದರೋ, ಮುರಿದ ಸೇತುವೆಯ ಕೆಳಗೆ ಆಮೆಯೊಂದು ಬೆನ್ನೊಡ್ಡಿ ಕಾದಿರಲೇಬೇಕು.

ಒಂದು ಸಂಜೆ ಗುಹೆಯ ಬಾಯಲ್ಲಿ ಬೆಂಕಿಯುಗುಳುವ ಡ್ರ್ಯಾಗನ್ ಎದುರಾಯಿತು. ವೀರನಾರಿಯ ಪಾತ್ರದಲ್ಲಿದ್ದ ಚನ್ನಪಟ್ಟಣದ ಬೊಂಬೆಯನ್ನು ಎದೆಗೊತ್ತಿಕೊಂಡು ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಖಡ್ಗವೋ ಮಂತ್ರವೋ ಎಂದು ಸೂಚಿಸಲು ನಾಲಿಗೆ ತುರಿಸಿತಾದರೂ ತಡೆದುಕೊಂಡೆನು. ಕಡೆಗೆ, ‘ಅಪ್ಪ, ಅದಕ್ಕೆ ಊಟ ಆಯ್ತಾ?’ ಎಂದಳು. ಇಲ್ಲವೆಂದೆ. ಮೊಸರನ್ನ ಕೊಡುವುದೆಂದು ನಿಶ್ಚಯವಾಯಿತು, ದಾಳ ಉರುಳಿತು, ಮೋಡ. ‘ಬೇಡವಂತೆ, ಪುಟ್ಟಿ’ ಎಂದೆ. ಅವಳು ಅಳಲಿಲ್ಲ, ತನ್ನಮ್ಮನ ಧ್ವನಿಯನ್ನೇ ತಂದುಕೊಂಡು, ‘ಒಂದೇ ಒಂದು ತುತ್ತು, ಜಾಣ ಅಲ್ವಾ?’ ಎಂದು ಬೊಂಬೆಯನ್ನು ಮುಂದಕ್ಕೆ ಚಾಚಿದಳು. ಪುಟ್ಟ ಪ್ರತಿಮೆಗಳ ಸೈನ್ಯಗಳನ್ನು ಮೇಜಿನ ಮೇಲೆ ಕಾದಿಸುವ ಯುದ್ಧಕ್ರೀಡೆಗಳಿಂದ ಹುಟ್ಟಿಬಂದ ಆಟವಿದು. ಇದರ ನಿಯಮಗಳಲ್ಲಿ ದೊಡ್ಡದೊಂದು ಪಾಲು ಇಂದಿಗೂ ಕಾಳಗಕ್ಕೆ ಸಂಬಂಧಿಸಿದುದು. ಎದುರಾದ ಪ್ರಾಣಿಗೆ ಹಸಿವೆಯಿದ್ದೀತೆಂಬ ಸಂಭಾವ್ಯತೆಯು, ಇಷ್ಟು ಕಾಲ ಆಡಿದ ನಮ್ಮ ಗೆಳೆಯರ ಬಳಗದಲ್ಲಿ ಯಾರೊಬ್ಬರಿಗೂ ಹೊಳೆದಿರಲಿಲ್ಲ. ಮರುದಿನ ನಾನು ಹೊಸ ರಾಕ್ಷಸನನ್ನು ಸಿದ್ಧಪಡಿಸಿದ್ದೆ. ಅವಳಿಗೆ ಬೇಕಾಗಿದ್ದುದು ಅದೇ ಗುಹೆ, ಅದೇ ಡ್ರ್ಯಾಗನ್, ಅದೇ ಮೊಸರನ್ನ. ಪುನರುಕ್ತಿಯಲ್ಲಿ ಶಿಶುವಿಗಿರುವ ಆನಂದವನ್ನು ಸೂತ್ರಧಾರನು ಗೌರವಿಸತಕ್ಕದ್ದು.

ಪುಟ್ಟ ಮಕ್ಕಳಿರುವ ಮನೆಯವರು ಇದನ್ನೊಮ್ಮೆ ಆಡಿನೋಡಬೇಕೆಂದು ನನ್ನ ಬಿನ್ನಹ. ಗ್ರಂಥವನ್ನು ಕೊಳ್ಳುವ ಆವಶ್ಯಕತೆಯಿಲ್ಲ. ಊಟಕ್ಕೆ ಮುಂಚೆ ಕಾಲು ಗಂಟೆಯ ಬಿಡುವು, ದೊಡ್ಡದೊಂದು ದಾಳ, ಮಗು ತಾನಾಗಿ ಉತ್ತರ ಹೇಳುವವರೆಗೂ ಬಾಯಿ ತೆರೆಯದ ತಾಳ್ಮೆ, ಇಷ್ಟಿದ್ದರೆ ಸಾಕು.