ಒಂದು ಸ್ಕ್ವಾಡ್ರನ್, ಮೂರು ವಿಮಾನ, ಒಂದೇ ಲೆಕ್ಕ



ಸಾಪೇಕ್ಷ ವೇಗದ ಪಾಠದಲ್ಲಿ ನಾವು ರೈಲು, ದೋಣಿ, ಮಳೆ-ಕೊಡೆಯ ಲೆಕ್ಕಗಳನ್ನು ಮಾಡುತ್ತೇವೆ. ಅದೇ ಪಾಠದ ಮೇಲೆ ಪೈಲಟ್‌ಗಳ ಪ್ರಾಣ ನಿಂತಿರುತ್ತದೆ ಎಂದು ನನಗೆ ಮನವರಿಕೆಯಾದದ್ದು ಭಾರತೀಯ ನೌಕಾಪಡೆಯ 300ನೇ ಸ್ಕ್ವಾಡ್ರನ್ ಚರಿತ್ರೆ ಓದಿದಾಗ.

‘ವೈಟ್ ಟೈಗರ್ಸ್’ ಎಂಬ ಈ ಸ್ಕ್ವಾಡ್ರನ್ 1960ರಲ್ಲಿ ಬ್ರಿಟನ್‌ನಲ್ಲಿ ಸೀ ಹಾಕ್ ಜೆಟ್‌ಗಳೊಂದಿಗೆ ಆರಂಭವಾಯಿತು. 1961ರಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್ ನಮ್ಮ ನೌಕಾಪಡೆಗೆ ಸೇರಿತು. ನೌಕೆಯ ಒಟ್ಟು ಉದ್ದ ಸುಮಾರು 213 ಮೀಟರ್. ಅಷ್ಟರಲ್ಲೇ ಜೆಟ್ ಏರಬೇಕು, ಇಳಿಯಬೇಕು.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಏರಲು ಗಾಳಿಗೆ ಸಾಪೇಕ್ಷವಾಗಿ ಸೆಕೆಂಡಿಗೆ 60 ಮೀಟರ್ ವೇಗ ಬೇಕು, ಓಡಲು 100 ಮೀಟರ್ ಜಾಗವಿದೆ. ವೇಗದ ವರ್ಗ = 2 × ವೇಗೋತ್ಕರ್ಷ × ದೂರ. ಆಗ ಬೇಕಾಗುವ ವೇಗೋತ್ಕರ್ಷ 18; ಗುರುತ್ವದ ಸುಮಾರು ಎರಡು ಪಟ್ಟು! ಈಗ ಎದುರುಗಾಳಿ 5, ಗಾಳಿಗೆ ಮುಖಮಾಡಿದ ನೌಕೆಯ ವೇಗ 10 ಎಂದುಕೊಳ್ಳಿ. ಡೆಕ್ಕಿನ ಮೇಲೆ ವಿಮಾನ ಗಳಿಸಬೇಕಾದ್ದು 45 ಮಾತ್ರ. ವೇಗೋತ್ಕರ್ಷ ಸುಮಾರು 10ಕ್ಕೆ ಇಳಿಯಿತು. ಇದಕ್ಕೇ ವಿಮಾನ ಹಾರಿಸುವಾಗ ನೌಕೆ ಗಾಳಿಗೆ ಎದುರಾಗಿ ಓಡುತ್ತದೆ. ಉಳಿದ ಬಲವನ್ನು ಉಗಿಯ ಕ್ಯಾಟಪಲ್ಟ್ ಕೊಡುತ್ತಿತ್ತು. ಇಳಿಯುವಾಗ ವಿಮಾನದ ಬಾಲದ ಕೊಕ್ಕೆ ಡೆಕ್ಕಿನ ಉಕ್ಕಿನ ಹಗ್ಗಕ್ಕೆ ಸಿಕ್ಕಿ ನಿಲ್ಲುತ್ತಿತ್ತು.

1971ರ ಯುದ್ಧದ ವೇಳೆ ವಿಕ್ರಾಂತ್‌ನ ಬಾಯ್ಲರ್ ಒಂದರಲ್ಲಿ ಬಿರುಕಿತ್ತು. ಪೂರ್ಣ ವೇಗ ಸಾಧ್ಯವಿರಲಿಲ್ಲ. ಮೇಲಿನ ಲೆಕ್ಕದಲ್ಲಿ ನೌಕೆಯ ವೇಗವನ್ನು 5ಕ್ಕೆ ಇಳಿಸಿ ನೋಡಿ: ವೇಗೋತ್ಕರ್ಷ 12.5ಕ್ಕೆ ಏರುತ್ತದೆ. ಆ ಬಿರುಕು ಎಂಥ ಚಿಂತೆಯಾಗಿತ್ತೆಂದು ಆಗ ಅರ್ಥವಾಗುತ್ತದೆ. ಆದರೂ ಡಿಸೆಂಬರ್ 4ರಂದು ಸೀ ಹಾಕ್‌ಗಳು ಅಲ್ಲಿಂದಲೇ ಹಾರಿ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಚಿತ್ತಗಾಂಗ್ ಬಂದರಿನ ಮೇಲೂ ದಾಳಿ ನಡೆಯಿತು.

1983ರಲ್ಲಿ ಸೀ ಹ್ಯಾರಿಯರ್ ಬಂತು. ಇದರ ನಾಲ್ಕು ನಳಿಕೆಗಳನ್ನು ಕೆಳಕ್ಕೆ ತಿರುಗಿಸಿದರೆ ವಿಮಾನ ನೇರವಾಗಿ ಇಳಿಯುತ್ತದೆ: ನ್ಯೂಟನ್ನನ ಮೂರನೇ ನಿಯಮ. ಆದರೆ ಎಂಜಿನ್ನಿನ ಬಲಕ್ಕಿಂತ ವಿಮಾನದ ತೂಕ ಹೆಚ್ಚಿರಬಾರದು. 1987ರಲ್ಲಿ ಸೇರಿದ ವಿರಾಟ್ ನೌಕೆಯ ಡೆಕ್ಕಿನ ತುದಿ ಮೇಲಕ್ಕೆ ಬಾಗಿತ್ತು. ಆ ಇಳಿಜಾರು ವಿಮಾನಕ್ಕೆ ಮೇಲ್ಮುಖ ವೇಗ ಕೊಟ್ಟು, ಗಾಳಿಯಲ್ಲೇ ವೇಗ ಹೆಚ್ಚಿಸಿಕೊಳ್ಳಲು ಕೆಲವು ಸೆಕೆಂಡು ಒದಗಿಸುತ್ತಿತ್ತು. ಹಾರಿಸಲು ಕಷ್ಟವಾದ ಈ ವಿಮಾನಗಳಲ್ಲಿ ಹಲವು ಅಪಘಾತಕ್ಕೀಡಾದವು. ಪೈಲಟ್‌ಗಳೂ ಪ್ರಾಣ ತೆತ್ತರು.

2016ರ ಮೇ ತಿಂಗಳಲ್ಲಿ ಗೋವಾದಲ್ಲಿ ಸೀ ಹ್ಯಾರಿಯರ್‌ಗೆ ವಿದಾಯ ಹೇಳಿ, ಸ್ಕ್ವಾಡ್ರನ್ ಮಿಗ್-29ಕೆ ವಿಮಾನ ಪಡೆಯಿತು. ಅದು ಬಾಗಿದ ತುದಿಯಿಂದ ಏರಿ, ಕೊಕ್ಕೆಯಿಂದ ಇಳಿಯುತ್ತದೆ. ಅಂಥ ವಿಮಾನಗಳನ್ನು ಹೊರುವ ವಿಕ್ರಮಾದಿತ್ಯದ ನೆಲೆ ನಮ್ಮ ಕಾರವಾರ.

ನಿಮಗೊಂದು ಲೆಕ್ಕ: ಸಮುದ್ರಕ್ಕೆ ಸಾಪೇಕ್ಷವಾಗಿ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬರುವ ವಿಮಾನ, ಅದೇ ದಿಕ್ಕಿನಲ್ಲಿ 10 ಮೀಟರ್ ವೇಗದಲ್ಲಿ ಸಾಗುವ ನೌಕೆಯ ಡೆಕ್ಕಿನಲ್ಲಿ 80 ಮೀಟರ್ ಓಡಿ ನಿಂತರೆ ವೇಗ ತಗ್ಗುವ ದರ ಎಷ್ಟು? ನೌಕೆ ನಿಂತೇ ಇದ್ದಿದ್ದರೆ? ಎರಡನ್ನೂ ಬಿಡಿಸಿ, ಉತ್ತರಗಳನ್ನು ಹೋಲಿಸಿ ನೋಡಿ.